ನಾಯಿಮರಿಗೆ ಮುದ್ದೆಯೊಂದೇ ಸಾಕೇ?

ಬೇಸಿಗೆ ರಜೆ ಬಂತೆಂದರೆ ಎಷ್ಟೋ ಮನೆಗಳಿಗೆ ನಾಯಿಮರಿಯೂ ಬರುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ, ಅಜ್ಜಿ ಗೊಣಗುತ್ತಾರೆ, ಅಪ್ಪ ಕೊನೆಗೆ ಒಪ್ಪಿಕೊಳ್ಳುತ್ತಾರೆ. ಮರಿಗೆ ಯಾವ ಹೆಸರಿಡಬೇಕೆಂದು ಮೂರು ದಿನ ಚರ್ಚೆ ನಡೆಯುತ್ತದೆ. ಅದಕ್ಕೆ ಏನು ತಿನ್ನಿಸಬೇಕೆಂಬುದರ ಚರ್ಚೆ ಮಾತ್ರ ಅರ್ಧ ಗಂಟೆಯೂ ನಡೆಯುವುದಿಲ್ಲ. ನಾವು ಉಂಡು ಮಿಕ್ಕಿದ್ದು ಅದಕ್ಕೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹಳೇ ಮೈಸೂರಿನ ಕಡೆ ಮುದ್ದೆ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ, ಕರಾವಳಿಯಲ್ಲಿ ಗಂಜಿ ಅನ್ನ, ಮೇಲೊಂದಿಷ್ಟು ಹಾಲು. ನಾಲ್ಕೈದು ತಿಂಗಳು ಕಳೆದ ಮೇಲೆ ಮರಿಯ ಮುಂಗಾಲು ಬಿಲ್ಲಿನಂತೆ ಬಾಗಿದರೆ "ಇದರ ಜಾತಿಯೇ ಹೀಗೆ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಕೆಲವು ತಳಿಗಳ ಕಾಲು ಹುಟ್ಟಿನಿಂದಲೇ ಡೊಂಕು, ನಿಜ. ಆದರೆ ಬೀದಿಯಿಂದ ತಂದ ನಮ್ಮ ನಾಡಿನ ಮರಿಯ ಕಾಲು ನೆಟ್ಟಗಿರಬೇಕಾದದ್ದು. ಅದು ಬಾಗಿದರೆ ಮೊದಲು ನೋಡಬೇಕಾದದ್ದು ಅದರ ತಟ್ಟೆಯನ್ನು.

ತಟ್ಟೆಗೆ ಹೋಗುವ ಮುನ್ನ ಬಾಯಿ ನೋಡೋಣ. ಬೆಳೆದ ನಾಯಿಗೆ 42 ಹಲ್ಲುಗಳು, ನಮಗಿಂತ ಹತ್ತು ಹೆಚ್ಚು. ದವಡೆಯ ಹಲ್ಲುಗಳಲ್ಲಿ ಕೆಲವು ಕತ್ತರಿಯ ಅಲಗಿನಂತೆ ಒಂದರ ಪಕ್ಕ ಒಂದು ಜಾರುತ್ತವೆ. ಮಾಂಸ ಸೀಳುವುದಕ್ಕೆಂದೇ ಇರುವ ಹಲ್ಲುಗಳವು. ನಾವು ಒಂದು ಹಿಡಿ ಅವಲಕ್ಕಿಯನ್ನು ನುಂಗದೆ ಎರಡು ನಿಮಿಷ ಅಗಿದರೆ ಬಾಯಿ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ನಾಯಿಯ ಜೊಲ್ಲಿನಲ್ಲಿ ಈ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಅದು ಅಗಿಯದೆ ಗಬಗಬನೆ ನುಂಗುವುದರಿಂದ ಇದ್ದರೂ ಪ್ರಯೋಜನವಿರುತ್ತಿರಲಿಲ್ಲ.

ಹಾಗಾದರೆ ನಾಯಿ ಶುದ್ಧ ಮಾಂಸಾಹಾರಿಯೇ? ಅದೂ ಅಲ್ಲ. ಅದರ ಮೇದೋಜೀರಕ ಗ್ರಂಥಿ ಅಮೈಲೇಸನ್ನು ಧಾರಾಳವಾಗಿ ಸ್ರವಿಸುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಈ ಕಿಣ್ವಕ್ಕೆ ಕಾರಣವಾದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದ್ದವು. ಬೇಸಾಯ ಕಲಿತ ಮನುಷ್ಯನ ಅಂಗಳದಲ್ಲಿ ಬಿದ್ದ ಧಾನ್ಯವನ್ನು ತಿನ್ನುತ್ತಾ ತಿನ್ನುತ್ತಾ ನಾಯಿಯ ವಂಶ ಪಿಷ್ಟಕ್ಕೆ ಒಗ್ಗಿಕೊಂಡಿತು. ಆದ್ದರಿಂದ ಚೆನ್ನಾಗಿ ಬೆಂದ ಅನ್ನ, ಮುದ್ದೆ, ರೊಟ್ಟಿ ನಾಯಿಗೆ ಜೀರ್ಣವಾಗುತ್ತವೆ. ಅಜ್ಜಿಯ ಮಾತು ಇಷ್ಟರಮಟ್ಟಿಗೆ ಸರಿ. ಜೀರ್ಣವಾಗುವುದು ಬೇರೆ, ಅಷ್ಟರಿಂದಲೇ ಬೆಳೆಯುವುದು ಬೇರೆ.

ಈ ವ್ಯತ್ಯಾಸ ಮನುಷ್ಯನಿಗೆ ಗೊತ್ತಾದದ್ದೇ ನಾಯಿಮರಿಗಳಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಕೈಗಾರಿಕಾ ನಗರಗಳಲ್ಲಿ ಮಕ್ಕಳಿಗೆ ರಿಕೆಟ್ಸ್ ರೋಗ ವ್ಯಾಪಕವಾಗಿತ್ತು. ಕಾಲಿನ ಮೂಳೆಗಳು ಮೆತ್ತಗಾಗಿ ದೇಹದ ಭಾರಕ್ಕೆ ಬಾಗುತ್ತಿದ್ದವು. ಕಾರಣ ಕೊಳಕು ಗಾಳಿಯೇ, ವ್ಯಾಯಾಮವಿಲ್ಲದಿರುವುದೇ, ಸೋಂಕೇ ಎಂದು ವೈದ್ಯರಲ್ಲೇ ವಾದವಿತ್ತು. ಎಡ್ವರ್ಡ್ ಮೆಲ್ಲನ್‌ಬಿ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ನಾಯಿಮರಿಗಳನ್ನು ಮನೆಯೊಳಗೇ ಇಟ್ಟು, ಓಟ್ಸ್ ಗಂಜಿಯಂಥ ಧಾನ್ಯಪ್ರಧಾನ ಆಹಾರ ಕೊಟ್ಟು ಬೆಳೆಸಿದರು. ಮರಿಗಳ ಹೊಟ್ಟೆ ತುಂಬುತ್ತಿತ್ತು, ತೂಕ ಏರುತ್ತಿತ್ತು, ಕಾಲು ಮಾತ್ರ ಬಾಗಿತು. ಅದೇ ಆಹಾರಕ್ಕೆ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಸೇರಿಸಿದಾಗ ಬಾಗಲಿಲ್ಲ. 1919ರಲ್ಲಿ ಅವರು ಈ ಫಲಿತಾಂಶಗಳನ್ನು ಪ್ರಕಟಿಸಿದರು. ಎಣ್ಣೆಯಲ್ಲಿದ್ದ ಆ ಅಂಶಕ್ಕೆ 1922ರಲ್ಲಿ ಅಮೆರಿಕದ ಮೆಕಾಲಮ್ 'ಡಿ' ಜೀವಸತ್ವ ಎಂದು ಹೆಸರಿಟ್ಟರು. ಇಂದು ನಮ್ಮ ಮಕ್ಕಳಿಗೆ ಹನಿ ಲೆಕ್ಕದಲ್ಲಿ ಕೊಡುವ ಔಷಧದ ಹಿಂದೆ ಆ ಮರಿಗಳ ಡೊಂಕು ಕಾಲುಗಳಿವೆ.

ಮೆಲ್ಲನ್‌ಬಿ ಇನ್ನೊಂದು ವಿಚಿತ್ರವನ್ನೂ ಗಮನಿಸಿದರು. ಧಾನ್ಯ ಹೆಚ್ಚಾದಷ್ಟೂ ರೋಗ ಉಲ್ಬಣಿಸುತ್ತಿತ್ತು. ಧಾನ್ಯದ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲ ಸುಣ್ಣಾಂಶವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಈಗ ನಮ್ಮ ರಾಗಿಗೆ ಬನ್ನಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬೇರಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. "ಮತ್ತೇನು ಬೇಕು ಸಾರ್, ಮೂಳೆ ಗಟ್ಟಿಯಾಗುತ್ತದೆ" ಎನ್ನುವ ಪೋಷಕರಿದ್ದಾರೆ. ಆದರೆ ರಾಗಿಯಲ್ಲೂ ಫೈಟಿಕ್ ಆಮ್ಲವಿದೆ, 'ಡಿ' ಜೀವಸತ್ವವಿಲ್ಲ. ಮೊಳಕೆ ಕಟ್ಟಿದ ರಾಗಿಯಲ್ಲಿ ಆ ಆಮ್ಲ ಸ್ವಲ್ಪ ಇಳಿಯುತ್ತದೆ, ಅಷ್ಟೆ.

"ಬಿಸಿಲಿದೆಯಲ್ಲ?" ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಬೇಕು. ಒಳ್ಳೆಯ ಪ್ರಶ್ನೆ. ನಮ್ಮ ಚರ್ಮದ ಮೇಲೆ ಬಿಸಿಲು ಬಿದ್ದರೆ 'ಡಿ' ಜೀವಸತ್ವ ತಯಾರಾಗುತ್ತದೆ. ನಾಯಿಯ ಚರ್ಮ ಈ ಕೆಲಸವನ್ನು ಸಾಕಷ್ಟು ಮಾಡಲಾರದು ಎಂದು ಹಾಲೆಂಡಿನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಅಂಗಳದಲ್ಲಿ ಇಡೀ ದಿನ ಬಿಸಿಲು ಕಾಯಿಸುವ ನಾಯಿಗೂ ಈ ಜೀವಸತ್ವ ಬಾಯಿಯಿಂದಲೇ ಹೋಗಬೇಕು. ಪ್ರಕೃತಿ ಲೆಕ್ಕ ಚುಕ್ತಾ ಮಾಡಿದೆ ಎನ್ನಿ: ನಮಗೆ ನೆಲ್ಲಿಕಾಯಿ, ನಿಂಬೆಯಿಂದ ಬರಬೇಕಾದ 'ಸಿ' ಜೀವಸತ್ವವನ್ನು ನಾಯಿ ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ.

ಜೋಳದ ಕತೆಯೂ ಇಂಥದ್ದೇ. ಮೆಕ್ಕೆಜೋಳವನ್ನೇ ತಿನ್ನುವ ಅಮೆರಿಕದ ಬಡವರಿಗೆ ಪೆಲ್ಲಾಗ್ರ ಎಂಬ ಚರ್ಮರೋಗ ಬರುತ್ತಿತ್ತು. ಅಂಥದೇ ಆಹಾರ ಕೊಟ್ಟ ನಾಯಿಗಳ ನಾಲಿಗೆ ಕಪ್ಪಾಗುತ್ತಿತ್ತು. 1937ರಲ್ಲಿ ಕಾನ್ರಾಡ್ ಎಲ್ವೆಯೆಮ್ ನಿಕೋಟಿನಿಕ್ ಆಮ್ಲದಿಂದ ಆ ಕಪ್ಪು ನಾಲಿಗೆಯನ್ನು ಗುಣಪಡಿಸಿದರು. ನಮ್ಮ ಬಿಳಿಜೋಳದ ಆಹಾರದಿಂದಲೂ ನಾಯಿಗಳಿಗೆ ಕಪ್ಪು ನಾಲಿಗೆ ರೋಗ ಬರಬಹುದೆಂದು ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ತೋರಿಸಿದರು. ಜೋಳ ಕೆಟ್ಟದ್ದಲ್ಲ, ಜೋಳವೊಂದೇ ಕೆಟ್ಟದ್ದು.

ಹಾಲಿನ ಮಾತು. ಹಸುವಿನ ಹಾಲು ನಾಯಿಮರಿಗೆ ಅಮೃತವೆಂಬ ನಂಬಿಕೆ ಗಟ್ಟಿಯಾಗಿದೆ. ತಾಯಿನಾಯಿಯ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ ಕಡಿಮೆ. ಹಾಲು ಬಿಟ್ಟ ಮೇಲೆ ಲ್ಯಾಕ್ಟೋಸ್ ಒಡೆಯುವ ಕಿಣ್ವವೂ ಮರಿಯಲ್ಲಿ ಇಳಿಮುಖವಾಗುತ್ತದೆ. ಲೋಟಗಟ್ಟಲೆ ಹಾಲು ಕುಡಿದ ಮರಿ ಭೇದಿ ಮಾಡಿಕೊಳ್ಳುವುದು ಇದಕ್ಕೇ. ಮೊಸರಿನಲ್ಲಿ ಆ ಸಕ್ಕರೆ ಒಂದಿಷ್ಟು ಹುಳಿಯಾಗಿ ಮಾರ್ಪಟ್ಟಿರುವುದರಿಂದ ಅದು ವಾಸಿ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿದ ಮರಿಯನ್ನು ಯಾರು ಕೊಟ್ಟರೂ ತರಬೇಡಿ. ಅಂಗಡಿಯಲ್ಲಿ ಅಂಥ ಮರಿ ಮಾರುವುದನ್ನು 2018ರ ಕೇಂದ್ರ ನಿಯಮಗಳೇ ನಿಷೇಧಿಸಿವೆ.

ಹಾಗಾದರೆ ಕೊಡುವುದೇನು? ಆಹಾರದ ನೀರಿನಂಶ ಕಳೆದು ಉಳಿದದ್ದರಲ್ಲಿ ಬೆಳೆದ ನಾಯಿಗೆ ಕನಿಷ್ಠ 18 ಭಾಗ, ಬೆಳೆಯುವ ಮರಿಗೆ 22.5 ಭಾಗ ಪ್ರೋಟೀನ್ ಇರಬೇಕೆಂದು ಅಮೆರಿಕದಲ್ಲಿ ಮಾನದಂಡ ಹಾಕಿದ್ದಾರೆ. ರಾಗಿಯಲ್ಲಿರುವುದು ಏಳು, ಅಕ್ಕಿಯಲ್ಲಿ ಏಳೆಂಟು. ಈ ಕೊರತೆ ತುಂಬಲು ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು ಅಥವಾ ಮೊಟ್ಟೆ ಬೇಕು. ನಮ್ಮಲ್ಲಿ ಅಗ್ಗವೂ ಸುಲಭವೂ ಆದದ್ದು ಮೊಟ್ಟೆ. ಅದನ್ನು ಬೇಯಿಸಿಯೇ ಕೊಡಿ; ಹಸಿ ಬಿಳಿಭಾಗದಲ್ಲಿರುವ ಒಂದು ಪ್ರೋಟೀನ್ ಬಯೋಟಿನ್ ಎಂಬ ಜೀವಸತ್ವವನ್ನು ಕಟ್ಟಿಹಾಕುತ್ತದೆ. ಮಾಂಸವೇ ಒಳ್ಳೆಯದೆಂದು ಬರಿಯ ಮಾಂಸ ಸುರಿಯುವವರೂ ಇದ್ದಾರೆ. ಮೂಳೆಯಿಲ್ಲದ ಮಾಂಸದಲ್ಲಿ ಸುಣ್ಣಾಂಶಕ್ಕಿಂತ ರಂಜಕ ಸುಮಾರು ಇಪ್ಪತ್ತು ಪಟ್ಟು ಹೆಚ್ಚು. ಬೇಕಾದದ್ದಾದರೋ ಸುಣ್ಣಾಂಶವೇ ರಂಜಕಕ್ಕೆ ಸಮ ಅಥವಾ ತುಸು ಮೇಲು. ಕೊರತೆ ಬಿದ್ದಾಗ ದೇಹ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ; ಮುದ್ದೆ ತಿಂದ ಮರಿಗೆ ಒಂದು ದಾರಿಯಲ್ಲಿ ಬಂದ ತೊಂದರೆ ಮಾಂಸ ತಿಂದ ಮರಿಗೆ ಇನ್ನೊಂದು ದಾರಿಯಲ್ಲಿ ಬರುತ್ತದೆ. ಇದಕ್ಕೆಂದು ಔಷಧದಂಗಡಿಯಿಂದ ಸುಣ್ಣಾಂಶದ ಗುಳಿಗೆ ತಂದು ಮನಸ್ಸಿಗೆ ಬಂದಷ್ಟು ತಿನ್ನಿಸುವುದು ಇನ್ನೂ ಅಪಾಯ. ದೊಡ್ಡ ತಳಿಯ ಎಳೆ ಮರಿಗಳ ಕರುಳು ಹೆಚ್ಚಾದ ಸುಣ್ಣವನ್ನು ತಡೆಯಲಾರದು, ಮೂಳೆ ಅಡ್ಡಾದಿಡ್ಡಿ ಬೆಳೆಯುತ್ತದೆ.

ನನ್ನ ಅಭಿಪ್ರಾಯ ಹೀಗೆ: ಮೊದಲ ಒಂದು ವರ್ಷ, ಬೆಳೆಯುವ ಮರಿಗೆ ಸಂಪೂರ್ಣ ಆಹಾರವೆಂದು ನಮೂದಿಸಿರುವ ಸಿದ್ಧ ಆಹಾರವೇ ಮುಖ್ಯವಾಗಿರಲಿ, ಇಲ್ಲವೇ ಪಶುವೈದ್ಯರು ಬರೆದುಕೊಟ್ಟ ಅಳತೆಯಂತೆ ಅಡುಗೆಯಾಗಲಿ. ಬೆಳೆದ ಮೇಲೆ ಮುದ್ದೆ-ಮೊಟ್ಟೆ-ಮೊಸರಿನ ಊಟಕ್ಕೆ ಪಶುವೈದ್ಯರು ಹೇಳಿದ ಖನಿಜ-ಜೀವಸತ್ವದ ಪುಡಿ ಸೇರಿಸಿ ನಡೆಸಬಹುದು. ಮೊಟ್ಟೆಯೂ ಬಾರದ ಮನೆಗಳಲ್ಲಿ ನಾಯಿ ಸಾಕಬಾರದೆಂದೇನಿಲ್ಲ. ಸಂಪೂರ್ಣವೆಂದು ನಮೂದಾದ ಸಸ್ಯಾಹಾರಿ ಸಿದ್ಧ ಆಹಾರಗಳಿವೆ. ಅನ್ನ-ಹಾಲಿನಲ್ಲೇ ಮುಗಿಸುತ್ತೇವೆ ಎನ್ನುವವರು ಮಾತ್ರ ಮರಿ ತರದಿರುವುದು ಮೇಲು. ಬೆಕ್ಕಿನ ವಿಷಯದಲ್ಲಿ ಇಷ್ಟು ಸಡಿಲವೂ ಇಲ್ಲ. ಅದು ಅಪ್ಪಟ ಮಾಂಸಾಹಾರಿ.

ಸಿದ್ಧ ಆಹಾರದ ಚೀಟಿ ಓದುವುದು ಒಂದು ಒಳ್ಳೆಯ ಲೆಕ್ಕ. ಡಬ್ಬದ ಮೇಲೆ ಪ್ರೋಟೀನ್ 8, ನೀರು 78 ಎಂದಿದೆ. ಒಣ ಆಹಾರದ ಚೀಲದ ಮೇಲೆ ಪ್ರೋಟೀನ್ 22, ನೀರು 10 ಎಂದಿದೆ. ಯಾವುದರಲ್ಲಿ ಪ್ರೋಟೀನ್ ಹೆಚ್ಚು? ನೀರು ಕಳೆದರೆ ಡಬ್ಬದಲ್ಲಿ 22ರಲ್ಲಿ 8, ಅಂದರೆ ಶೇಕಡ 36. ಚೀಲದಲ್ಲಿ 90ರಲ್ಲಿ 22, ಅಂದರೆ ಶೇಕಡ 24. ಅಂಗಡಿಯವನು ಈ ಲೆಕ್ಕ ಹೇಳುವುದಿಲ್ಲ.

ಇನ್ನು ಎಷ್ಟು ಕೊಡಬೇಕು? ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಒಂದು ಸೊಗಸಾದ ಸಂಬಂಧ ಕಂಡುಹಿಡಿದರು. ಪ್ರಾಣಿಗೆ ಬೇಕಾದ ಶಕ್ತಿ ಅದರ ತೂಕದ ಮುಕ್ಕಾಲನೆಯ ಘಾತಕ್ಕೆ ಅನುಗುಣ. ಹೆದರಬೇಡಿ, ತೂಕದ ಘನ ಮಾಡಿ, ಎರಡು ಸಲ ವರ್ಗಮೂಲ ತೆಗೆಯಿರಿ. 16 ಕಿಲೋ ನಾಯಿಯೆಂದರೆ 16ರ ಘನ 4096, ಅದರ ವರ್ಗಮೂಲ 64, ಅದರ ವರ್ಗಮೂಲ 8. ಇದನ್ನು 70ರಿಂದ ಗುಣಿಸಿದರೆ 560 ಕ್ಯಾಲರಿ. ಸುಮ್ಮನೆ ಮಲಗಿದ ನಾಯಿಗೆ ದಿನಕ್ಕೆ ಬೇಕಾದದ್ದು. ಮನೆಯಲ್ಲಿ ಓಡಾಡಿಕೊಂಡಿರುವ ನಾಯಿಗೆ ಇದರ 1.6 ಪಟ್ಟು, ಸುಮಾರು 900. ಒಂದೂವರೆ ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ, ಮೂರು ಮೊಟ್ಟೆ, ಒಂದು ಬಟ್ಟಲು ಮೊಸರು, ಒಂದು ಚಮಚ ಎಣ್ಣೆ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನಾಲ್ಕು ತಿಂಗಳೊಳಗಿನ ಮರಿಗಾದರೆ 1.6ರ ಬದಲು ಮೂರು ಪಟ್ಟು, ಆಮೇಲೆ ಎರಡು ಪಟ್ಟು. ಇದೇ ಲೆಕ್ಕವನ್ನು ಐದು ಕಿಲೋ ಪೊಮೆರೇನಿಯನ್‌ಗೆ ಹಾಕಿದರೆ ದಿನಕ್ಕೆ 370 ಕ್ಯಾಲರಿ ಸಾಕು. ಮಕ್ಕಳು ಅಮ್ಮನ ಕಣ್ತಪ್ಪಿಸಿ ಕೊಡುವ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಅದರ ಕಾಲು ಭಾಗ!

ಲೆಕ್ಕ ಆರಂಭಕ್ಕೆ ಮಾತ್ರ. ಮುಂದೆ ಕೈಯೇ ತಕ್ಕಡಿ. ನಿಮ್ಮ ಮುಷ್ಟಿ ಬಿಗಿದು ಗೆಣ್ಣುಗಳನ್ನು ಮುಟ್ಟಿ ನೋಡಿ, ನಾಯಿಯ ಪಕ್ಕೆಲುಬು ಹಾಗೆ ಸಿಕ್ಕರೆ ಬಡಕಲು. ಅಂಗೈಯ ಬುಡದಂತೆ ಮೆತ್ತಗಿದ್ದರೆ ಬೊಜ್ಜು. ಚಾಚಿದ ಕೈಯ ಹಿಂಬದಿಯಂತಿದ್ದರೆ ಸರಿ. ಮುಧೋಳ ನಾಯಿಯ ಪಕ್ಕೆಲುಬು ತುಸು ಕಾಣಿಸುವುದು ಸಹಜ, ಕನಿಕರಪಟ್ಟು ತುಂಬಬೇಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಕೊಟ್ಟು ಜೀವಮಾನವಿಡೀ ನೋಡಿದರು. 2002ರಲ್ಲಿ ಫಲಿತಾಂಶ ಹೊರಬಂತು: ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದ್ದವು.

ಹೊತ್ತಿನ ವಿಷಯ ಸರಳ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಪಾವ್ಲೋವ್ ಎಂದರೆ ನಿಮಗೆ ಗಂಟೆ ನೆನಪಾಗುತ್ತದೆ; 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಊಟದ ಸೂಚನೆ ಸಿಕ್ಕರೆ ಸಾಕು, ತುತ್ತು ಬಾಯಿಗೆ ಬೀಳುವ ಮೊದಲೇ ನಾಯಿಯ ಜಠರರಸ ಒಸರುತ್ತದೆ. ಅದೇ ಹೊತ್ತು, ಅದೇ ಜಾಗ ಇದ್ದರೆ ಹೊಟ್ಟೆ ಸಿದ್ಧವಾಗಿರುತ್ತದೆ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಬಿಡಿ, ನೀರು ಮಾತ್ರ ಸದಾ ಇರಲಿ. ಅಲ್ಸೇಷಿಯನ್, ಗ್ರೇಟ್ ಡೇನ್‌ಗಳಂಥ ಆಳವಾದ ಎದೆಯ ನಾಯಿಗಳಿಗೆ ದಿನಕ್ಕೆ ಒಂದೇ ಸಲ ಹೊಟ್ಟೆಬಿರಿಯ ಹಾಕಬೇಡಿ, ಉಂಡ ಕೂಡಲೇ ಓಡಿಸಬೇಡಿ. ಜಠರ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಆಹಾರ ಬದಲಿಸುವುದಾದರೆ ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪ ಬೆರೆಸುತ್ತಾ ಒಂದು ವಾರ ತೆಗೆದುಕೊಳ್ಳಿ.

ಮಿಕ್ಕಿದ ಸಾರನ್ನ ಹಾಕುವ ಮನೆಗಳಿಗೆ ಕೊನೆಯದಾಗಿ ಒಂದು ಎಚ್ಚರಿಕೆ. ಈರುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ಒಂದು ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಸಾಕು, ದಿನಾ ಸ್ವಲ್ಪಸ್ವಲ್ಪ ಹೋದರೂ ಕೆಡುಕೇ. ವಸಡು ಬಿಳಿಚಿ, ಮೂತ್ರ ಕಂದಾದರೆ ಇದನ್ನು ಶಂಕಿಸಬೇಕು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು 2021ರಿಂದ ವಿಷವೈದ್ಯರು ಶಂಕಿಸಿದ್ದಾರೆ. ನಮ್ಮ ಹುಣಸೆಯ ಹುಳಿಯೂ ಅದೇ ಆಮ್ಲ. ಹುಳಿ, ಸಾರು, ಪುಳಿಯೋಗರೆ ದೂರವಿರಲಿ. ಐದು ಕಿಲೋ ನಾಯಿಗೆ ಇಪ್ಪತ್ತು ಗ್ರಾಂ ಕಡುಗಪ್ಪು ಚಾಕೊಲೇಟು ವಾಂತಿ, ನಡುಕ ತರಬಲ್ಲದು. ಅದರಲ್ಲಿರುವ ಥಿಯೋಬ್ರೋಮಿನ್ ಹದಿನೇಳು ಗಂಟೆ ಕಳೆದರೂ ಅರ್ಧದಷ್ಟು ರಕ್ತದಲ್ಲೇ ಉಳಿದಿರುತ್ತದೆ. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಕ್ಸೈಲಿಟಾಲ್ ಇನ್ನೂ ವೇಗದ್ದು, ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು. ಬೇಯಿಸಿದ ಕೋಳಿಮೂಳೆ ಸೂಜಿಯಂತೆ ಸೀಳಿ ಕರುಳಿಗೆ ಚುಚ್ಚುತ್ತದೆ. ಇವುಗಳಲ್ಲಿ ಯಾವುದನ್ನಾದರೂ ನಾಯಿ ತಿಂದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಲಕ್ಷಣಕ್ಕಾಗಿ ಕಾಯದೆ, ತಕ್ಷಣ ಪಶು ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು ತಿಂದಿತೆಂದು ಬರೆದುಕೊಳ್ಳಿ. ಪೊಟ್ಟಣದ ಹೊದಿಕೆಯನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ.