ಕೊನೆಯ ಕೀಲಿ ಕಾಗದದ ಮೇಲಿರಲಿ

2024ರ ಜುಲೈ 19. ಜಗತ್ತಿನ ಎಷ್ಟೋ ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳ ಕಂಪ್ಯೂಟರ್‌ಗಳು ಒಂದರ ಹಿಂದೊಂದು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟ್ ಅದಕ್ಕೆ ಕಾರಣ. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಿಗೆ ತೊಂದರೆಯಾಗಿದೆ ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದರ ಫೋಟೊ ನಮ್ಮೆಲ್ಲರ ಮೊಬೈಲಿಗೂ ಬಂತು. ನಕ್ಕೆವು, ಫಾರ್ವರ್ಡ್ ಮಾಡಿದೆವು, ಮರೆತೆವು.

ಆ ದಿನದ ಇನ್ನೊಂದು ಸಂಗತಿ ಅಷ್ಟಾಗಿ ವೈರಲ್ ಆಗಲಿಲ್ಲ. ಕೆಟ್ಟು ಕೂತ ಕಂಪ್ಯೂಟರ್ ಸರಿಪಡಿಸಲು ಹೋದವರಿಗೆ ಹಲವು ಕಡೆ ಮೊದಲು ಎದುರಾದದ್ದು ಒಂದು ಬೀಗ. ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದದಂತೆ ವಿಂಡೋಸ್ ಹಾಕುವ ‘ಬಿಟ್‌ಲಾಕರ್’ ಎಂಬ ಎನ್‌ಕ್ರಿಪ್ಷನ್ ಬೀಗ ಅದು. ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಕೆಲವು ಸಂಸ್ಥೆಗಳಲ್ಲಿ ಆ ಕೀಗಳನ್ನು ಇಟ್ಟಿದ್ದ ಸರ್ವರ್ ಕೂಡ ಅದೇ ಅಪ್‌ಡೇಟಿನಿಂದ ಮಲಗಿತ್ತು! ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ.

ದೊಡ್ಡವರ ಕಥೆ ಹಾಗಿರಲಿ, ನಮ್ಮ ಕಥೆ ಏನು? ಓದುತ್ತಿರುವವರು, ಕೆಲಸ ಹುಡುಕುತ್ತಿರುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು ಒಮ್ಮೆ ಯೋಚಿಸಿ ನೋಡಿ. ಅಂಕಪಟ್ಟಿ ಡಿಜಿಲಾಕರ್‌ನಲ್ಲಿದೆ. ಅರ್ಜಿ ಹಾಕಿದ ಪೋರ್ಟಲ್‌ಗಳೆಲ್ಲ ಒಂದೇ ಇಮೇಲ್‌ಗೆ, ಒಂದೇ ಮೊಬೈಲ್ ನಂಬರ್‌ಗೆ ಜೋಡಣೆಯಾಗಿವೆ. ಹಾಲ್‌ಟಿಕೆಟ್, ಇಂಟರ್‌ವ್ಯೂ ಪತ್ರ, ಪ್ರಾಜೆಕ್ಟ್ ರಿಪೋರ್ಟ್, ರೆಸ್ಯೂಮೆ ಎಲ್ಲವೂ ಅದೇ ಖಾತೆಯೊಳಗೆ. ಆ ಖಾತೆಯ ಬಾಗಿಲು ತೆರೆಯುವ ಒಟಿಪಿ ಬರುವುದು ಜೇಬಿನಲ್ಲಿರುವ ಒಂದೇ ಫೋನಿಗೆ. ಫೋನ್ ಹೋದರೆ?

ನನ್ನ ಪಿಜಿಯ ರೂಮ್‌ಮೇಟ್‌ಗೆ ಆದದ್ದು ಇದೇ. ತುಂಬಿದ ಬಸ್ಸಿನಲ್ಲಿ ಅವನ ಫೋನ್ ಕಳುವಾಯಿತು. ಲಿಖಿತ ಪರೀಕ್ಷೆ ಪಾಸಾಗಿ, ದಾಖಲೆ ಅಪ್‌ಲೋಡ್ ಮಾಡುವ ಲಿಂಕ್ ಮೇಲ್‌ಗೆ ಬರಬೇಕಿದ್ದ ವಾರ ಅದು. ಪಾಸ್‌ವರ್ಡ್ ಅವನಿಗೆ ಬಾಯಿಪಾಠವಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಲು ಹೋದರೆ, ‘ನಿಮ್ಮ ಫೋನಿನಲ್ಲಿ ಹೌದು ಎಂದು ಒತ್ತಿ’ ಅಂತ ಕೇಳಿತು. ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳೋಣವೆಂದರೆ ಸಿಮ್ ಇದ್ದದ್ದು ಅವನ ಅಪ್ಪನ ಹೆಸರಿನಲ್ಲಿ. ರಾಣೆಬೆನ್ನೂರಿನ ಹತ್ತಿರದ ಹಳ್ಳಿಯಿಂದ ಅಪ್ಪ ಆಧಾರ್ ಕಾರ್ಡ್ ಹಿಡಿದು ಹೊಲದ ಕೆಲಸ ಬಿಟ್ಟು ಬರಬೇಕಾಯಿತು. ಸಿಮ್ ಬದಲಾದ ಮೇಲೆ ವಂಚನೆ ತಡೆಯಲೆಂದು ಮೊದಲ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ನಿಯಮವಿದೆ, ಅದೂ ಸೇರಿತು. ಮೇಲ್ ತೆರೆದದ್ದು ಐದನೇ ದಿನ. ಅಪ್‌ಲೋಡ್ ಮಾಡುವ ಗಡುವು ಹಿಂದಿನ ಸಂಜೆಯೇ ಮುಗಿದಿತ್ತು. ಕಳ್ಳ ಕದ್ದದ್ದು ಹನ್ನೆರಡು ಸಾವಿರದ ಫೋನು. ಗೆಳೆಯ ಕಳೆದುಕೊಂಡದ್ದು ಎರಡು ವರ್ಷದ ಓದಿನ ಫಲ.

ಅವನನ್ನು ಉಳಿಸಬಹುದಾಗಿದ್ದ ವಸ್ತುವಿನ ಬೆಲೆ ಒಂದು ರೂಪಾಯಿಯೂ ಇಲ್ಲ. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿದವರು ‘ಬ್ಯಾಕಪ್ ಕೋಡ್’ ಪಡೆದುಕೊಳ್ಳಬಹುದು. ಎಂಟೆಂಟು ಅಂಕಿಗಳ ಹತ್ತು ಕೋಡ್‌ಗಳು. ಫೋನ್ ಇಲ್ಲದಾಗ ಪಾಸ್‌ವರ್ಡ್ ಜೊತೆ ಇವುಗಳಲ್ಲಿ ಒಂದನ್ನು ಹಾಕಿದರೆ ಬಾಗಿಲು ತೆರೆಯುತ್ತದೆ. ಬಳಸಿದ ಕೋಡ್ ಮತ್ತೆ ಕೆಲಸಕ್ಕೆ ಬಾರದು. ಇವನ್ನು ಒಂದು ಹಾಳೆಯ ಮೇಲೆ ಬರೆದು ಟ್ರಂಕಿನಲ್ಲಿ ಇಟ್ಟಿದ್ದರೆ ಅಂದೇ ಸಂಜೆ ಕೆಲಸ ಮುಗಿಯುತ್ತಿತ್ತು. ನನ್ನ ಕ್ಲಾಸಿನಲ್ಲಿ ಕೇಳಿ ನೋಡಿದೆ. ಕೋಡ್ ತೆಗೆದಿಟ್ಟುಕೊಂಡವರು ಇಬ್ಬರು ಸಿಕ್ಕರು. ಇಬ್ಬರೂ ಅದರ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನ ಗ್ಯಾಲರಿಯಲ್ಲಿ ಇಟ್ಟಿದ್ದರು!

ಅದಕ್ಕೇ ನನ್ನ ವಾದ ಇಷ್ಟೇ. ಡಿಜಿಟಲ್ ಬದುಕಿನ ಕೊನೆಯ ಕೀಲಿ ಡಿಜಿಟಲ್ ಆಗಿರಬಾರದು, ಕಾಗದದ ಮೇಲಿರಬೇಕು.

‘ಈ ಕಾಲದಲ್ಲೂ ಕಾಗದವೇ?’ ಎಂದು ನಗುವವರಿದ್ದಾರೆ. ಕ್ಲೌಡ್ ಇದೆಯಲ್ಲ ಅನ್ನುತ್ತಾರೆ. ಕ್ಲೌಡ್ ಇದೆ ನಿಜ, ಆದರೆ ಅಲ್ಲಿಗೆ ಹೋಗಲೂ ಕೀಲಿ ಬೇಕಲ್ಲ? ‘ಹಾಗಾದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರಾಯಿತು’ ಅನ್ನುತ್ತೀರಾ? ನಿಜವಾದ ಎನ್‌ಕ್ರಿಪ್ಷನ್‌ನಲ್ಲಿ ಅದು ಸಾಧ್ಯವಿಲ್ಲ. ಉದಾಹರಣೆಗೆ ವಾಟ್ಸ್‌ಆ್ಯಪ್ 2021ರಲ್ಲಿ ಚಾಟ್ ಬ್ಯಾಕಪ್‌ಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಕೊಟ್ಟಿತು. ಅದನ್ನು ಆನ್ ಮಾಡುವಾಗ ಪಾಸ್‌ವರ್ಡ್ ಬದಲು 64 ಅಂಕಿ-ಅಕ್ಷರಗಳ ಕೀ ಆರಿಸಿಕೊಂಡು, ಆಮೇಲೆ ಅದನ್ನೂ ಫೋನನ್ನೂ ಕಳೆದುಕೊಂಡರೆ ಬ್ಯಾಕಪ್ ತೆರೆದುಕೊಡಲು ಕಂಪನಿಯ ಕೈಯಲ್ಲೂ ಆಗದು. ಏಕೆಂದರೆ ಕೀ ಅವರ ಬಳಿ ಇಲ್ಲವೇ ಇಲ್ಲ. ಊಹಿಸಿ ತೆರೆಯೋಣವೆಂದರೆ 256 ಬಿಟ್‌ಗಳ ಒಂದು ಕೀಗೆ ಇರುವ ಸಾಧ್ಯತೆಗಳು 78 ಅಂಕಿಗಳಷ್ಟು ಉದ್ದದ ಸಂಖ್ಯೆ. ಯಾವ ಸೂಪರ್ ಕಂಪ್ಯೂಟರೂ ಅಷ್ಟನ್ನು ಪ್ರಯತ್ನಿಸಿ ಮುಗಿಸಲಾರದು.

ಇದು ಕೊರತೆಯಲ್ಲ, ನಮಗೆ ಬೇಕಾದದ್ದೇ. ನಮ್ಮ ಖಾಸಗಿ ಮಾತು ಕಂಪನಿಗೂ ಕಾಣಬಾರದು ಎಂದು ಕೇಳಿದವರು ನಾವೇ ತಾನೆ? ಕೀಲಿ ನಮ್ಮದೇ ಆದ ಮೇಲೆ ಅದನ್ನು ಕಾಯುವ ಹೊಣೆಯೂ ನಮ್ಮದೇ. ಹಕ್ಕು ಬೇಕು, ಹೊಣೆ ಬೇಡ ಎಂದರೆ ಹೇಗೆ?

ಇನ್ನು ಲ್ಯಾಪ್‌ಟಾಪ್ ವಿಷಯ. ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕಿಗೆ ಬೀಗ ತಾನಾಗಿಯೇ ಬೀಳುತ್ತದೆ. ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಕೀ ಆ ಖಾತೆಯಲ್ಲಿ ಸೇವ್ ಆಗಿರುತ್ತದೆ. ಆದರೆ ಆ ಖಾತೆ ಯಾವುದು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ? ಮುಂದೊಮ್ಮೆ ಮದರ್‌ಬೋರ್ಡ್ ಬದಲಿಸಿದ ದಿನ 48 ಅಂಕಿ ಕೇಳುವ ಪರದೆ ಬಂದು ನಿಲ್ಲುತ್ತದೆ. ಫೈನಲ್ ಇಯರ್ ಪ್ರಾಜೆಕ್ಟ್ ಒಳಗೆ, ನೀವು ಹೊರಗೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಇವತ್ತೇ ಆ 48 ಅಂಕಿಗಳನ್ನು ನೋಡಿ ಬರೆದಿಟ್ಟುಕೊಳ್ಳುವುದು ಜಾಣತನ.

‘ನನ್ನ ಬಳಿ ನೂರು ಜಿಬಿ ಫೋಟೊ ಇವೆ, ಎಲ್ಲ ಕಾಗದಕ್ಕೆ ಹೇಗೆ ಇಳಿಸಲಿ?’ ಎಂಬ ಪ್ರಶ್ನೆ ಬರಬಹುದು. ಇಳಿಸುವುದು ಬೇಡ. ಕ್ಯುಆರ್ ಕೋಡ್‌ನ ಅತಿ ದೊಡ್ಡ ಆವೃತ್ತಿಯಲ್ಲೂ ಹಿಡಿಯುವುದು 2,953 ಬೈಟ್ ಮಾತ್ರ. ಮೂರು ಎಂಬಿಯ ಒಂದು ಫೋಟೊಗೇ ಸಾವಿರಕ್ಕೂ ಹೆಚ್ಚು ಕ್ಯುಆರ್ ಕೋಡ್ ಮುದ್ರಿಸಬೇಕಾದೀತು. ಡೇಟಾ ದೊಡ್ಡದು, ಅದು ಕ್ಲೌಡ್‌ನಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಬೀಗ ಹಾಕಿಕೊಂಡು ಇರಲಿ. ಕೀಲಿ ಚಿಕ್ಕದು, ನೂರು ಜಿಬಿಗಾದರೂ ಸಾವಿರ ಜಿಬಿಗಾದರೂ ಅದು ಒಂದೆರಡು ಸಾಲು ಅಷ್ಟೆ. ಆ ಒಂದೆರಡು ಸಾಲಿಗೆ ಕಾಗದ ಧಾರಾಳವಾಗಿ ಸಾಕು.

ಕಾಗದಕ್ಕೆ ಚಾರ್ಜ್ ಬೇಡ, ಅಪ್‌ಡೇಟ್ ಬೇಡ. ಸಾವಿರ ಮೈಲಿ ಆಚೆ ಕೂತ ಹ್ಯಾಕರ್ ನಿಮ್ಮ ಮನೆಯ ಟ್ರಂಕಿನೊಳಗಿನ ಹಾಳೆಯನ್ನು ಓದಲಾರ. ಓದಲು ಯಾವ ಯಂತ್ರವೂ ಬೇಕಿಲ್ಲ, ಕಣ್ಣು ಸಾಕು. ಈ ಗುಣ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ನಮ್ಮ ಮೈಸೂರಿನದೇ ಉದಾಹರಣೆ ಇದೆ. ಶತಮಾನಗಳ ಕಾಲ ಕಳೆದೇಹೋಗಿದೆ ಎಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿದರು. ಗ್ರಂಥ ಲಿಪಿಯಲ್ಲಿದ್ದ ತಾಳೆಗರಿಯ ಪ್ರತಿ ಅದು. 1909ರಲ್ಲಿ ಅದನ್ನು ಪ್ರಕಟಿಸಿದರು. ಯಾರೋ ಕೂತು ಪ್ರತಿ ಮಾಡಿದ್ದರಿಂದ, ಇನ್ಯಾರೋ ಜೋಪಾನವಾಗಿ ಇಟ್ಟಿದ್ದರಿಂದ ಅದು ಉಳಿಯಿತು. ನಮ್ಮ ಅಣ್ಣಂದಿರು ಸಿಡಿಗಳಲ್ಲಿ ತುಂಬಿಟ್ಟ ಕಾಲೇಜ್ ಡೇ ಫೋಟೊಗಳನ್ನು ನೋಡಲು ಇವತ್ತು ಸಿಡಿ ಡ್ರೈವ್ ಇರುವ ಲ್ಯಾಪ್‌ಟಾಪೇ ಸಿಗುವುದಿಲ್ಲ!

ಹಾಗೆಂದು ಕಾಗದಕ್ಕೆ ದೋಷವೇ ಇಲ್ಲ ಎನ್ನಲಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಪ್ರೋಗ್ರಾಮರ್ ಸ್ಟೀಫನ್ ಥಾಮಸ್ ಅವರ ಕಥೆ 2021ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಅವರ 7,002 ಬಿಟ್‌ಕಾಯಿನ್‌ಗಳ ಕೀ ಇದ್ದದ್ದು ಎನ್‌ಕ್ರಿಪ್ಟ್ ಆದ ಒಂದು ಪೆನ್‌ಡ್ರೈವ್‌ನಲ್ಲಿ. ಪಾಸ್‌ವರ್ಡ್ ಊಹಿಸಲು ಅದು ಕೊಡುವುದು ಹತ್ತೇ ಅವಕಾಶ. ಎಂಟು ಮುಗಿದಿದ್ದವು. ಪಾಸ್‌ವರ್ಡನ್ನು ಅವರು ಕಾಗದದ ಮೇಲೆ ಬರೆದೇ ಇಟ್ಟಿದ್ದರು. ಆ ಕಾಗದ ಕಳೆದುಹೋಗಿತ್ತು! ಕಾಗದ ಬೇಡ ಎನ್ನುವವರು ಈ ಕಥೆಯನ್ನು ತಮ್ಮ ಪರವಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ ಪಾಠ. ಒಂದೇ ಪ್ರತಿ ಇದ್ದರೆ ಅದು ಬ್ಯಾಕಪ್ ಅಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೂರು ಸೆಟ್ ಜೆರಾಕ್ಸ್ ಇಟ್ಟುಕೊಳ್ಳುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಬುದ್ಧಿಯನ್ನು ಇಲ್ಲಿಗೂ ತರಬೇಕು ಅಷ್ಟೆ.

ಹೇಗೆ ಬರೆದಿಡಬೇಕು? ನಾನು ಪಾಲಿಸುತ್ತಿರುವ ಕೆಲವು ನಿಯಮಗಳನ್ನು ಹೇಳುತ್ತೇನೆ.

ಮೊದಲನೆಯದು, ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳುಹಿಸಬೇಡಿ. ಫೈಲ್ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಕೈಯಲ್ಲೇ ಬರೆಯಿರಿ. ನಾಲ್ಕು ನಾಲ್ಕು ಅಂಕಿಗಳ ಗುಂಪು ಮಾಡಿ ಬರೆದರೆ ತಪ್ಪು ಕಡಿಮೆ. ಇಂಗ್ಲಿಷಿನ ‘ಓ’ ಅಕ್ಷರಕ್ಕೂ ಸೊನ್ನೆಗೂ, ‘ಎಲ್’ ಅಕ್ಷರಕ್ಕೂ ಒಂದಕ್ಕೂ ವ್ಯತ್ಯಾಸ ಕಾಣುವಂತಿರಲಿ. ಬರೆದ ಮೇಲೆ ಒಂದೊಂದೇ ಅಂಕಿ ಓದಿ ತಾಳೆ ನೋಡಿ. ಬ್ಯಾಕಪ್ ಕೋಡ್ ಆದರೆ ಒಂದನ್ನು ಬಳಸಿಯೇ ಪರೀಕ್ಷಿಸಿ.

ಎರಡನೆಯದು, ಪೆನ್ಸಿಲ್ ಅಥವಾ ನೀರಿಗೆ ಹರಡದ ಶಾಯಿ ಬಳಸಿ. ಪೆನ್ಸಿಲಿನ ಗ್ರಾಫೈಟ್ ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಕರಗುವುದಿಲ್ಲ. ಎಟಿಎಂ ಚೀಟಿಯಂಥ ಥರ್ಮಲ್ ಕಾಗದದ ಅಚ್ಚು ಕೆಲವು ತಿಂಗಳಲ್ಲೇ ಮಾಯವಾಗುವುದನ್ನು ನೀವೇ ನೋಡಿದ್ದೀರಿ. ಮಲೆನಾಡು, ಕರಾವಳಿಯವರು ಮಳೆಗಾಲದ ಬೂಷ್ಟು ನೆನಪಿಟ್ಟು ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಿ.

ಮೂರನೆಯದು, ಪಾಸ್‌ವರ್ಡ್ ಮತ್ತು ಬ್ಯಾಕಪ್ ಕೋಡ್ ಒಂದೇ ಹಾಳೆಯಲ್ಲಿ ಬೇಡ. ಕೋಡ್ ಇರುವ ಹಾಳೆಯಷ್ಟೇ ಯಾರಿಗಾದರೂ ಸಿಕ್ಕರೆ ಪಾಸ್‌ವರ್ಡ್ ಇಲ್ಲದೆ ಖಾತೆ ತೆರೆಯದು. ಆದರೆ ಬಿಟ್‌ಲಾಕರ್ ಕೀ, ವಾಟ್ಸ್‌ಆ್ಯಪ್ ಕೀಗಳಿಗೆ ಈ ರಕ್ಷಣೆ ಇಲ್ಲ, ಅವು ಬೀಗದ ಕೈಗಳೇ. ಅಂಥದ್ದನ್ನು ಮನೆಯ ಆಸ್ತಿ ಪತ್ರ ಇಡುವ ಜಾಗದಲ್ಲೇ ಇಡಬೇಕು.

ನಾಲ್ಕನೆಯದು, ಎರಡು ಪ್ರತಿ, ಎರಡು ಊರು. ಒಂದು ಹಾಸ್ಟೆಲ್ ಅಥವಾ ಪಿಜಿಯ ಬೀಗವಿರುವ ಪೆಟ್ಟಿಗೆಯಲ್ಲಿ, ಇನ್ನೊಂದು ಊರಿನ ಮನೆಯಲ್ಲಿ. ಇಂಟರ್‌ವ್ಯೂಗೆ ಒಯ್ಯುವ ಫೈಲಿನಲ್ಲಿ ಖಂಡಿತ ಬೇಡ. ಹಾಳೆಯ ಮೇಲೆ ತಾರೀಕು ಹಾಕಿ. ಗೂಗಲ್‌ನಲ್ಲಿ ಹೊಸ ಕೋಡ್‌ಗಳನ್ನು ತೆಗೆದರೆ ಹಳೆಯವು ರದ್ದಾಗುತ್ತವೆ, ಯಾವುದು ಹೊಸದೆಂದು ತಿಳಿಯಬೇಕಲ್ಲ?

ಕೆಲವರು ಕೀಯನ್ನು ಎರಡು ತುಂಡು ಮಾಡಿ ಬೇರೆ ಬೇರೆ ಕಡೆ ಇಡುತ್ತಾರೆ. ಅದು ಅಪಾಯ, ಒಂದು ತುಂಡು ಹೋದರೂ ಎಲ್ಲವೂ ಹೋದಂತೆ. ಇದಕ್ಕೆ 1979ರಲ್ಲೇ ಆದಿ ಶಮೀರ್ ಎಂಬ ಗಣಿತಜ್ಞ ಸುಂದರ ಪರಿಹಾರ ಕೊಟ್ಟಿದ್ದಾರೆ. ಅವರ ವಿಧಾನದಲ್ಲಿ ಒಂದು ಗುಟ್ಟನ್ನು ಮೂರು ಪಾಲು ಮಾಡಿ ಮೂರು ಜನರಿಗೆ ಕೊಡಬಹುದು. ಯಾವ ಇಬ್ಬರು ಸೇರಿದರೂ ಗುಟ್ಟು ಮರಳಿ ಸಿಗುತ್ತದೆ. ಒಬ್ಬರ ಪಾಲಿನಿಂದ ಏನೂ ತಿಳಿಯದು. ವಿದ್ಯಾರ್ಥಿಗಳಿಗೆ ಅಷ್ಟೆಲ್ಲ ಬೇಕಾಗಿಲ್ಲ, ಎರಡು ಪೂರ್ತಿ ಪ್ರತಿ ಸಾಕು. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಒಳ್ಳೆಯ ಮಿನಿ ಪ್ರಾಜೆಕ್ಟ್ ಆಗಬಹುದು!

ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳಿಗೂ ಒಂದು ಮಾತು. ಟೈ ಕಟ್ಟುವುದು, ಕೈ ಕುಲುಕುವುದು ಎಲ್ಲವನ್ನೂ ಹೇಳಿಕೊಡುತ್ತೀರಿ. ಕೆಲಸದ ಪತ್ರ ಬರುವ ಮೇಲ್ ಖಾತೆಯನ್ನು ಉಳಿಸಿಕೊಳ್ಳುವುದನ್ನೂ ಹತ್ತು ನಿಮಿಷ ಹೇಳಿಕೊಡಿ. ಸಿಮ್ ಅಪ್ಪನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇರುವ ಹಳ್ಳಿಯ ಮಕ್ಕಳಿಗೆ, ಒಂದೇ ಫೋನಿನಲ್ಲಿ ಇಡೀ ಭವಿಷ್ಯ ಇಟ್ಟುಕೊಂಡವರಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚು. ಎರಡನೇ ಫೋನ್, ಎರಡನೇ ಲ್ಯಾಪ್‌ಟಾಪ್ ಇರುವವರು ಹೇಗೋ ಪಾರಾಗುತ್ತಾರೆ. ಇಲ್ಲದವರಿಗೆ ಎರಡನೇ ಅವಕಾಶ ಅಂತ ಇರುವುದು ಆ ಒಂದು ಹಾಳೆ ಮಾತ್ರ.

ಇವತ್ತು ರಾತ್ರಿ ರೀಲ್ಸ್ ನೋಡುವ ಮೊದಲು ಹತ್ತು ನಿಮಿಷ ತೆಗೆಯಿರಿ. ಖಾತೆಯ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ, ಕೋಡ್‌ಗಳನ್ನು ತೆರೆದು, ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆಯಿರಿ. ಮುಂದಿನ ಸಲ ಊರಿಗೆ ಹೋದಾಗ ಇನ್ನೊಂದು ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟು, ‘ಪಹಣಿ ಜೊತೆ ಇಡು, ಯಾರಿಗೂ ಕೊಡಬೇಡ’ ಎನ್ನಿ. ಅದು ಏನೆಂದು ಅಮ್ಮ ಕೇಳಿಯೇ ಕೇಳುತ್ತಾರೆ. ಕೂತು ವಿವರಿಸಿ. ಅವರ ಫೋನಿಗೂ ಒಂದು ಹಾಳೆ ಬೇಕಾಗಬಹುದು.