ಪವಿತ್ರ ಜಲ ಚಿಮುಕಿಸಿದರೆ ಸಾಲದು, ಬ್ರೇಕೂ ಹಿಡಿಯಬೇಕು



ಜುಲೈ 25ರ ಸಂತ ಕ್ರಿಸ್ತೋಫರರ ಹಬ್ಬದ ಸುಮಾರಿಗೆ ನಮ್ಮ ಇಗರ್ಜಿಯ ಅಂಗಳದಲ್ಲಿ ವಾಹನಗಳು ಸಾಲಾಗಿ ನಿಲ್ಲುತ್ತವೆ. ಹೂವಿನ ಮಾಲೆ, ಕನ್ನಡಿಗೆ ಜಪಸರ, ತೊಳೆದು ಮಿಂಚುವ ಟ್ಯಾಂಕ್. ಫಾದರ್ ಪವಿತ್ರ ಜಲ ಚಿಮುಕಿಸುತ್ತಾರೆ, ನಾವು ಶಿಲುಬೆಯ ಗುರುತು ಮಾಡಿ ಹೊರಡುತ್ತೇವೆ. ಆ ಸಾಲಿನಲ್ಲಿ ಎಷ್ಟು ಗಾಡಿಗಳ ಬ್ರೇಕ್ ಲೈನರ್ ಸವೆದಿದೆ ಎಂದು ಯಾರಾದರೂ ಕೇಳಿದ್ದೇವೆಯೇ?

ನಾನೂ ಕೇಳಿದವನಲ್ಲ. ಕಳೆದ ಮಳೆಗಾಲದಲ್ಲಿ ಯೂಟ್ಯೂಬ್ ನೋಡಿ ಬೈಕಿನ ಹಿಂದಿನ ಬ್ರೇಕ್ ಶೂ ನಾನೇ ಬದಲಿಸಿದೆ. ಗ್ರೀಸ್ ಮೆತ್ತಿದ ಕೈಯಲ್ಲೇ ಹೊಸ ಲೈನರ್ ಮುಟ್ಟಿದ್ದೆ. ಮರುದಿನ ಅಮ್ಮನನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಪೆಡಲ್ ತುಳಿದರೆ ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕ್ ಹಿಡಿದು ಹೇಗೋ ಮಣ್ಣಿನ ದಿಬ್ಬಕ್ಕೆ ತಾಗಿ ನಿಂತೆವು. "ದೇವರು ದೊಡ್ಡವನು" ಎಂದರು ಅಮ್ಮ. ನಿಜ. ಆದರೆ ಆ ಗ್ರೀಸ್ ಹಚ್ಚಿದ್ದು ದೇವರಲ್ಲ, ನಾನು.

"ದೇವರಿದ್ದಾನೆ, ಏನೂ ಆಗುವುದಿಲ್ಲ" ಎನ್ನುವವರಿಗೆ ನನ್ನ ಮೊದಲ ಮಾತು. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಯೇಸುವಿಗೆ ಹೇಳಿದವನು ಯಾರು? ಯೇಸು ಧುಮುಕಲಿಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದವನ ರಕ್ತದ ಹೊಣೆ ಆ ಮನೆಗೆ ಎಂದು ಮೋಶೆಯ ನಿಯಮವೂ ಹೇಳುತ್ತದೆ. ಇಂದಿನ ಕೈಪಿಡಿ ಗೋಡೆ ನಮ್ಮ ಬ್ರೇಕ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಎದುರಿಗೆ ರಸ್ತೆ ದಾಟುವ ಮಗುವಿಗೆ ನಮ್ಮ ಜಪಸರ ಕಾಣುವುದಿಲ್ಲ.

"ಕ್ಯಾಮೆರಾಗೆ ಸಿಕ್ಕಿಬೀಳದಿದ್ದರೆ ಸಾಕು" ಎನ್ನುವವರೂ ಇದ್ದಾರೆ. 2023ರ ಜೂನ್‌ನಿಂದ ಕೇರಳದ ಎಐ ಕ್ಯಾಮೆರಾ ಹೆಲ್ಮೆಟ್ ನೋಡಿ ದಂಡ ಹಾಕುತ್ತಿದೆ. ಸವೆದ ಲೈನರ್ ಅದಕ್ಕೆ ಕಾಣುವುದಿಲ್ಲ. ಅದನ್ನು ನೋಡಬೇಕಾದದ್ದು ನಮ್ಮ ಮನಸ್ಸಾಕ್ಷಿ.

ಹಾಗಾದರೆ ಮನೆಯಲ್ಲಿ ಬ್ರೇಕ್ ಮುಟ್ಟಲೇಬಾರದೇ? ಅದನ್ನೂ ನಾನು ಒಪ್ಪುವುದಿಲ್ಲ. ಗ್ಯಾರೇಜಿಗೆ ಹೋಗಲು ಪುರುಸೊತ್ತಿಲ್ಲ ಎಂದು ವಾರಗಟ್ಟಲೆ ಮುಂದೂಡುವುದೇ ಹೆಚ್ಚು ಅಪಾಯ. ಸರಿಯಾಗಿ ಕಲಿತು ಮಾಡಿ. ಹಲವು ಗಾಡಿಗಳ ಡ್ರಮ್ ಬ್ರೇಕಿನ ಹೊರಗೆ ಬಾಣದ ಗುರುತು ಇರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಅದು ಕೊನೆಯ ಗುರುತಿಗೆ ಬಂದರೆ ಲೈನರ್ ಮುಗಿಯಿತು ಎಂದರ್ಥ. ಒಳಗಿನ ಧೂಳನ್ನು ಬಾಯಿಯಿಂದ ಊದಬೇಡಿ, ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನರಿಗೆ ಒಂದು ಹನಿ ಎಣ್ಣೆಯೂ ತಾಗಬಾರದು. ಚಕ್ರ ಸಲೀಸಾಗಿ ತಿರುಗುತ್ತದೆಯೇ ನೋಡಿ, ಮೊದಲು ಅಂಗಳದಲ್ಲೇ ನಿಧಾನವಾಗಿ ಓಡಿಸಿ ಪರೀಕ್ಷಿಸಿ.

ಡಿಸ್ಕ್ ಪ್ಯಾಡ್ ಬದಲಿಸಿದರೆ ಹೊರಡುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಇಲ್ಲದಿದ್ದರೆ ಮೊದಲ ಸಲ ಬ್ರೇಕ್ ಹಿಡಿದಾಗ ಏನೂ ಸಿಗದು. ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಬಿಟ್ಟು ಬೇರೇನೂ ಸುರಿಯಬೇಡಿ. ಪೈಪಿಗೆ ಗಾಳಿ ಸೇರಿದ್ದರೆ, ಎಬಿಎಸ್ ದೀಪ ಆರದೆ ಉರಿಯುತ್ತಿದ್ದರೆ ಸುಮ್ಮನೆ ಮೆಕ್ಯಾನಿಕ್ ಹತ್ತಿರ ಹೋಗಿ. ಗೊತ್ತಿಲ್ಲ ಎನ್ನುವುದು ನಾಚಿಕೆಯಲ್ಲ.

"ಮೆಕ್ಯಾನಿಕ್‌ನ ಹೊಟ್ಟೆಗೆ ಹೊಡೆಯುತ್ತೀರಾ?" ಎಂದು ಒಬ್ಬ ಹಿರಿಯರು ಕೇಳಿದರು. ಇಲ್ಲ, ಅವರನ್ನೇ ಗುರುವಾಗಿ ಕರೆಯೋಣ. ಮುಂದಿನ ವಾಹನ ಆಶೀರ್ವಾದಕ್ಕೆ ಮೊದಲ ಭಾನುವಾರ ಬಲಿಪೂಜೆಯ ನಂತರ ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಅವರ ದಿನದ ಸಂಬಳ ನಮ್ಮ ಯುವ ಸಂಘಟನೆಯಿಂದಲೇ ಕೊಡೋಣ. ಸ್ಕೂಟರ್ ಓಡಿಸುವ ಅಕ್ಕತಂಗಿಯರು ಮುಂದಿನ ಸಾಲಿನಲ್ಲಿರಲಿ. ಬದಿಯಡ್ಕ, ಪೆರ್ಲದ ಏರಿಳಿತದ ರಸ್ತೆಗಳಲ್ಲಿ ಮಳೆಗೆ ನೆನೆದು ಓಡಾಡುವವರು ನಾವೇ ಅಲ್ಲವೇ?

ಬ್ರೇಕ್ ನೋಡಿದ ಗಾಡಿಯನ್ನೇ ಆಶೀರ್ವಾದಕ್ಕೆ ತರೋಣ. ಆಗ ನಮ್ಮ ಪ್ರಾರ್ಥನೆಯಲ್ಲಿ ನಮ್ಮ ಪಾಲಿನ ಕೆಲಸವೂ ಸೇರಿರುತ್ತದೆ.