ಚೆಸ್ಸಿಗೆ ಮೂರು ಬಾಗಿಲು, ಬೀಗದ ಕೈ ಯಾರ ಹತ್ತಿರ?

ಚೆಸ್ ಬಡವರ ಆಟ ಅಂತ ಒಂದು ಮಾತಿದೆ. ಕ್ರಿಕೆಟ್ಟಿನ ಹಾಗೆ ಪ್ಯಾಡು, ಬ್ಯಾಟು, ಹೆಲ್ಮೆಟ್ಟು ಬೇಡ. ಒಂದು ಬೋರ್ಡು, 32 ಕಾಯಿ, ಮುಗೀತು. ಅಂಗಡಿ ಕಟ್ಟೆ ಮೇಲೂ ಆಡಬಹುದು. ಗಿರಾಕಿ ಬಂದರೆ ಎದ್ದು ಸಕ್ಕರೆ ಕಟ್ಟಿಕೊಟ್ಟು ಮತ್ತೆ ಬಂದು ಕೂರಬಹುದು. ಆದರೆ ಇದೇ ಆಟವನ್ನು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಆಡಬೇಕೆಂದರೆ? ಆಗ ಲೆಕ್ಕವೇ ಬೇರೆ.

ಊರಿಗೊಬ್ಬ ಹುಡುಗ ಇದ್ದೇ ಇರ್ತಾನೆ. ಎದುರು ಕೂತವರನ್ನೆಲ್ಲ ಮಣ್ಣು ಮುಕ್ಕಿಸ್ತಾನೆ. ‘ಇವನನ್ನ ನ್ಯಾಷನಲ್ಸ್‌ಗೆ ಕಳಿಸ್ರಿ’ ಅಂತ ನೋಡಿದವರೆಲ್ಲ ಅವರಪ್ಪನಿಗೆ ಹೇಳ್ತಾರೆ. ಅಪ್ಪ ಪಾಪ, ಯಾರನ್ನ ಹೋಗಿ ಕೇಳಬೇಕು? ಎಲ್ಲಿ ಅರ್ಜಿ ಹಾಕಬೇಕು?

ಬಾಗಿಲು ಮೂರಿವೆ. ಮೊದಲನೆಯದು ನೇರ ದಾರಿ. ಜಿಲ್ಲಾ ಚೆಸ್ ಸಂಸ್ಥೆ ಆಯ್ಕೆ ಪಂದ್ಯಾವಳಿ ನಡೆಸುತ್ತದೆ. ಅಲ್ಲಿ ಗೆದ್ದವರು ರಾಜ್ಯದ ಆಯ್ಕೆಗೆ. ರಾಜ್ಯದಲ್ಲಿ ಮೇಲೆ ಬಂದವರು, ಬೆರಳಲ್ಲಿ ಎಣಿಸುವಷ್ಟು ಜನ, ರಾಜ್ಯದ ಹೆಸರಿನಲ್ಲಿ ರಾಷ್ಟ್ರೀಯ ಕಣಕ್ಕೆ. ಇದರ ಮೇಲೆಲ್ಲ ಕೂತಿರುವುದು 1951ರಲ್ಲಿ ಹುಟ್ಟಿದ ಅಖಿಲ ಭಾರತ ಚೆಸ್ ಫೆಡರೇಷನ್.

ಎರಡನೆಯದು ಪಟ್ಟ, ಪದವಿ, ನೌಕರಿ ಇದ್ದವರ ಬಾಗಿಲು. ಗ್ರ್ಯಾಂಡ್‌ಮಾಸ್ಟರ್ ಆದವರಿಗೆ ಜಿಲ್ಲೆಯಿಂದ ಶುರು ಮಾಡುವ ತಾಪತ್ರಯ ಇಲ್ಲ. ರೈಲ್ವೆ, ಎಲ್‌ಐಸಿ, ಪೆಟ್ರೋಲಿಯಂ ಕಂಪನಿಗಳಂಥ ಸಂಸ್ಥೆಗಳೂ ತಮ್ಮ ಆಟಗಾರರನ್ನು ಕಳಿಸುತ್ತವೆ. ಚೆಸ್ ಬಲ್ಲ ಹುಡುಗರು ರೈಲ್ವೆ ಕೆಲಸಕ್ಕೆ ಆಸೆಪಡುವುದು ಸುಮ್ಮನೆ ಅಲ್ಲ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜಕುಮಾರ್ ಕೂಡ ರೈಲ್ವೆಯವರೇ.

ಮೂರನೆಯದು ದುಡ್ಡಿನ ಬಾಗಿಲು. ಇದಕ್ಕೆ ಸ್ಪೆಷಲ್ ಎಂಟ್ರಿ ಅಂತ ಹೆಸರು. ರಾಜ್ಯದ ಪಟ್ಟಿಯಲ್ಲಿ ಹೆಸರು ಬರದಿದ್ದರೂ ಹೆಚ್ಚಿನ ಶುಲ್ಕ ಕಟ್ಟಿ ಒಳಗೆ ಹೋಗಬಹುದು. ಬಸ್ಸಿನಲ್ಲಿ ಕೆಲವರು ಕ್ಯೂ ನಿಂತು ಸೀಟು ಹಿಡೀತಾರೆ, ಕೆಲವರು ರಿಸರ್ವೇಷನ್ ಮಾಡಿಸಿಕೊಂಡು ಬರ್ತಾರೆ, ಹಾಗೆ.

ಎ, ಬಿ ಇದ್ದ ಕಾಲ

ಹಿಂದೆ ಹೀಗಿರಲಿಲ್ಲ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1955ರಲ್ಲಿ, ಆಂಧ್ರದ ಏಲೂರಿನಲ್ಲಿ. ಆಮೇಲೆ ಆಟಗಾರರು ಹೆಚ್ಚಾದಂತೆ ನ್ಯಾಷನಲ್ ‘ಬಿ’, ನ್ಯಾಷನಲ್ ‘ಎ’ ಅಂತ ಎರಡು ಮೆಟ್ಟಿಲು ಬಂದವು. ‘ಬಿ’ ಅಂದರೆ ಜಾತ್ರೆ. ಅಲ್ಲಿ ಮೇಲೆ ಬಂದವರಿಗೆ ಮಾತ್ರ ‘ಎ’. ‘ಎ’ನಲ್ಲಿ ಎಲ್ಲರೂ ಎಲ್ಲರ ಜೊತೆ ಆಡಬೇಕು, ಗೆದ್ದವನೇ ದೇಶದ ಚಾಂಪಿಯನ್. 1983ರಲ್ಲಿ ಸಬ್ ಜೂನಿಯರ್‌ನಲ್ಲಿ 9ಕ್ಕೆ 9 ಪಾಯಿಂಟು ಬಾಚಿದ ವಿಶ್ವನಾಥನ್ ಆನಂದ್, 1986ರಲ್ಲಿ 16ರ ವಯಸ್ಸಿಗೇ ಈ ಕಿರೀಟ ಹೊತ್ತುಕೊಂಡರು.

ಮುಂದೆ ‘ಬಿ’ಗೆ ಚಾಲೆಂಜರ್ಸ್, ‘ಎ’ಗೆ ಪ್ರೀಮಿಯರ್ ಅಂತ ಹೊಸ ಬೋರ್ಡು ಬಿತ್ತು. 2018ರಲ್ಲಿ ಜಮ್ಮುವಿನಲ್ಲಿ ನಡೆದ ಪ್ರೀಮಿಯರ್‌ನಲ್ಲಿ ಇದ್ದವರು 14 ಜನ. 2019ರಲ್ಲಿ, ಸಿಕ್ಕಿಂನ ಮಾಜಿತಾರ್‌ನಲ್ಲಿ, ಎರಡೂ ಮೆಟ್ಟಿಲು ಕಿತ್ತು ಒಂದೇ ದೊಡ್ಡ ಪಂದ್ಯಾವಳಿ ಮಾಡಿದರು. ಅದೇ ಪದ್ಧತಿಯಲ್ಲಿ 2025ರಲ್ಲಿ ಗುಂಟೂರಿನಲ್ಲಿ 11 ಸುತ್ತು ನಡೆದು, ಈರೋಡಿನ ಇನಿಯನ್ ಗೆದ್ದರು.

ಇದರಿಂದ ಸಣ್ಣ ಊರಿನ ಆಟಗಾರನಿಗೆ ಲಾಭ ಉಂಟು. ಸ್ವಿಸ್ ಪದ್ಧತಿಯಲ್ಲಿ ಆಟಗಾರರನ್ನು ರೇಟಿಂಗ್ ಪ್ರಕಾರ ಸಾಲಾಗಿ ನಿಲ್ಲಿಸಿ, ಆ ಸಾಲನ್ನು ಎರಡು ಭಾಗ ಮಾಡ್ತಾರೆ. ಮೊದಲ ಸುತ್ತಿನಲ್ಲಿ ಮೇಲಿನ ಅರ್ಧದವರಿಗೆ ಕೆಳಗಿನ ಅರ್ಧದವರು ಎದುರು. ಆಮೇಲೆ ಗೆದ್ದವನಿಗೆ ಗೆದ್ದವನು, ಸೋತವನಿಗೆ ಸೋತವನು. ಅಂದರೆ ನಿನ್ನೆ ತನಕ ಫೋಟೋದಲ್ಲಿ ನೋಡಿದ ಗ್ರ್ಯಾಂಡ್‌ಮಾಸ್ಟರ್ ಮೊದಲ ದಿನವೇ ಎದುರು ಕೂರಬಹುದು. ಹಳೇ ‘ಎ’ಯಲ್ಲಿ ಈ ಭಾಗ್ಯ ಇರಲಿಲ್ಲ.

ಬಾಗಿಲು ತೆರೆದದ್ದು ಎಲ್ಲ ಸಲವೂ ಫೆಡರೇಷನ್ನಿನ ದಯೆಯಿಂದಲೂ ಅಲ್ಲ. ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ಅವರ ತಂಗಿ ರೋಹಿಣಿ, 13 ವರ್ಷದ ಹುಡುಗಿ, 1976ರಲ್ಲಿ ಗಂಡಸರ ಚಾಂಪಿಯನ್‌ಷಿಪ್ಪಿನಲ್ಲೇ ಆಡಲು ಹೊರಟಾಗ ಗಲಾಟೆಯಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಕಡೆಗೆ ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ, ಹೆಂಗಸರನ್ನು ತಡೆಯುವಂತಿಲ್ಲ ಎಂದು ಹೇಳಬೇಕಾಯಿತು. ಯಾರು ಆಡಬಹುದು ಅನ್ನುವ ಪ್ರಶ್ನೆ ಬೋರ್ಡಿನ ಆಚೆಗೇ ತೀರ್ಮಾನವಾಗುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಕೊನೆ ಬಸ್ಸು ಎಷ್ಟು ಗಂಟೆಗೆ?

ದುಡ್ಡಿನ ಬಾಗಿಲು ಪೂರ್ತಿ ತಪ್ಪು ಅನ್ನಲಾಗದು. ಆಯ್ಕೆಯ ದಿನ ಜ್ವರ ಬಂದು ಮಲಗಿದವನಿಗೆ ಅದು ಎರಡನೇ ಅವಕಾಶ. ಹಾಲ್ ಬಾಡಿಗೆ, ಬಹುಮಾನದ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ! ತೊಂದರೆ ಇರುವುದು ಮೊದಲನೇ ಬಾಗಿಲಿನಲ್ಲಿ. ಅದು ಸರಿಯಾಗಿ ತೆರೆದಿದ್ದರೆ ಮೂರನೆಯದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಜಿಲ್ಲಾ ಆಯ್ಕೆಯ ಸುದ್ದಿ ಎರಡು ದಿನ ಮುಂಚೆ ನಾಲ್ಕು ಜನಕ್ಕೆ ಮಾತ್ರ ತಿಳಿದರೆ, ದೂರದ ತಾಲೂಕಿನ ಹುಡುಗ ಬರುವುದು ಹೇಗೆ? ಕೊನೆ ಸುತ್ತು ಮುಗಿಯುವ ಹೊತ್ತಿಗೆ ಅವನ ಊರಿನ ಕೊನೆ ಬಸ್ಸು ಹೋಗಿದ್ದರೆ? ಆಯ್ಕೆ ಕೆಲವೇ ಸೀಟಿಗೆ. ಇಬ್ಬರ ಪಾಯಿಂಟು ಸಮವಾದರೆ, ಅವರ ಎದುರಾಳಿಗಳು ಒಟ್ಟು ಎಷ್ಟು ಪಾಯಿಂಟು ಗಳಿಸಿದರು ಎಂದು ನೋಡಿ ಒಬ್ಬನನ್ನು ಆರಿಸುವ ಕ್ರಮ ಉಂಟು. ಬಸ್ಸಿಗೆ ಹೆದರಿ ಗಡಿಬಿಡಿಯಲ್ಲಿ ಡ್ರಾಗೆ ಒಪ್ಪಿದ ಹುಡುಗ ಕಳೆದುಕೊಳ್ಳುವುದು ಬರೀ ಅರ್ಧ ಪಾಯಿಂಟನ್ನಲ್ಲ, ಒಂದು ವರ್ಷವನ್ನು.

ಆಯ್ಕೆಯಾದ ಮೇಲೂ ಮುಗಿಯಲಿಲ್ಲ. ಒಂದು ಆಟಕ್ಕೆ ನಾಲ್ಕು ತಾಸು ಹಿಡಿಯುವುದುಂಟು. ಹನ್ನೊಂದು ಸುತ್ತು ಅಂದರೆ ಹೋಗಿ ಬರುವುದೂ ಸೇರಿ ಎರಡು ವಾರದ ಮಾತು. ಲಾಡ್ಜು, ಊಟ, ರೈಲು ಚಾರ್ಜು. ಜೊತೆಗೆ ಹೋಗುವ ಅಪ್ಪ ಅಂಗಡಿ ಬಾಗಿಲು ಹಾಕಿಕೊಂಡು ಹೋಗಬೇಕು. ಬಡವರ ಆಟ ಅಂದವರು ಈ ಬಿಲ್ಲನ್ನೂ ಒಂದು ಸಲ ನೋಡಲಿ.

ಜಿಲ್ಲಾ ಸಂಸ್ಥೆಗಳು ಮಾಡಬೇಕಾದ್ದು ದೊಡ್ಡದೇನಲ್ಲ. ಒಂದು ತಿಂಗಳು ಮುಂಚೆ ದಿನಾಂಕ, ಜಾಗ, ಶುಲ್ಕ ಮೂರನ್ನೂ ಬರೆದು ಪ್ರತಿ ತಾಲೂಕಿನ ಬಸ್ ಸ್ಟ್ಯಾಂಡಿನಲ್ಲಿ, ಶಾಲೆಗಳಲ್ಲಿ ಅಂಟಿಸಲಿ. ಪಂದ್ಯ ಬಸ್ ಸ್ಟ್ಯಾಂಡಿಗೆ ಹತ್ತಿರದ ಜಾಗದಲ್ಲಿ ನಡೆಯಲಿ. ಮುಗಿದ ಮೇಲೆ ಪಾಯಿಂಟು ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಾಕಲಿ. ಯಾರು ಆಯ್ಕೆ, ಯಾಕೆ ಆಯ್ಕೆ ಅಂತ ಸೋತವನಿಗೂ ತಿಳಿಯಲಿ.

ಇನ್ನು ಪೇಟೆಯವರ ಪಾಲು. ಗಣೇಶನ ಪೆಂಡಾಲಿಗೆ ತಕರಾರಿಲ್ಲದೆ ಚಂದಾ ಕೊಡುವ ಹತ್ತು ಅಂಗಡಿಯವರು ಸೇರಿದರೆ, ಆಯ್ಕೆಯಾದ ಒಬ್ಬ ಹುಡುಗನ ಅಥವಾ ಹುಡುಗಿಯ ಎರಡು ವಾರದ ಖರ್ಚು ಹೊರಲಾರರೇ? ಮುಂದಿನ ಸಲ ಕಟ್ಟೆ ಮೇಲೆ ಚೆಸ್ ಆಡುವ ಹುಡುಗ ಕಂಡರೆ, ಶಭಾಷ್ ಅನ್ನುವುದರ ಜೊತೆಗೆ ‘ಜಿಲ್ಲಾ ಸೆಲೆಕ್ಷನ್ ಯಾವತ್ತಪ್ಪಾ?’ ಅಂತಲೂ ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ, ಸಂಸ್ಥೆಯವರನ್ನು ಕೇಳಿ.